ಡೇರೆ ಹೊಲಿದು ಮನೆ ತೆರೆದ ದಂಪತಿಗಳು

ಓದಬೇಕಾದ ವಚನಗಳು: ಪ್ರೇಷಿತರ ಕಾರ್ಯಕಲಾಪಗಳು 18:1-4, 24-26, ರೋಮನರಿಗೆ 16:3-5



ಗಂಡ ಹೆಂಡತಿ ಜೊತೆಯಾಗಿ ಪರದೇಶಕ್ಕೆ ಹೋಗಿ, ಒಂದು ವಾರ ಬಡವರ ಸೇವೆ ಮಾಡಿ, ಅಲ್ಲಿನ ಜನರ ಊಟ, ಹಾಡು, ಹಬ್ಬಗಳನ್ನು ಕಂಡು ಬಂದ ಸುದ್ದಿಯನ್ನು ನೀವು ಓದಿರಬಹುದು. ಓದಿದಾಗ ಸಂತೋಷವಾಗುತ್ತದೆ. ಜೊತೆಗೆ, "ಅಂಥ ಭಾಗ್ಯ ಕಡೂರಿನಲ್ಲಿ ಕುಳಿತ ನಮಗೆಲ್ಲಿ?" ಎಂಬ ನಿಟ್ಟುಸಿರೂ ಬರುತ್ತದೆ. ಮನೆ, ಮಕ್ಕಳು, ತೋಟ, ನೌಕರಿ ಬಿಟ್ಟು ನಾವು ಎಲ್ಲಿಗೆ ಹೋಗೋಣ?

ಈ ಪ್ರಶ್ನೆಗೆ ಪವಿತ್ರ ಗ್ರಂಥದಲ್ಲಿಯೇ ಉತ್ತರವಿದೆ. ಅಕ್ವಿಲ ಮತ್ತು ಪ್ರಿಸಿಲ್ಲ ಎಂಬ ದಂಪತಿಗಳನ್ನು ನೆನಪು ಮಾಡಿಕೊಳ್ಳಿ. ಅಕ್ವಿಲನ ಹುಟ್ಟೂರು ಪೊಂತ. ಕ್ಲಾಡಿಯಸ್ ಚಕ್ರವರ್ತಿ ಯೆಹೂದ್ಯರನ್ನು ರೋಮಿನಿಂದ ಹೊರಗಟ್ಟಿದಾಗ ಇವರೂ ಗಂಟುಮೂಟೆ ಕಟ್ಟಿಕೊಂಡು ಕೊರಿಂಥಕ್ಕೆ ಬಂದರು. ಅಂದರೆ, ಸೇವೆ ಮಾಡಲೆಂದು ಹೊರಟವರಲ್ಲ. ನೆಲೆ ಕಳೆದುಕೊಂಡು ಬಂದವರು. ಡೇರೆ ಹೊಲಿಯುವುದು ಅವರ ಕಸುಬು. ಸಂತ ಪೌಲರದೂ ಅದೇ ಕಸುಬು. ಹಾಗಾಗಿ ಪೌಲರು ಅವರ ಮನೆಯಲ್ಲೇ ಉಳಿದು ಅವರೊಂದಿಗೆ ಕೆಲಸ ಮಾಡಿದರು.

ಮುಂದೆ ಎಫೆಸದಲ್ಲಿ ಅಪೊಲ್ಲೋಸ ಎಂಬ ಪಂಡಿತನ ಬೋಧನೆಯನ್ನು ಇವರು ಕೇಳಿದರು. ಅವನ ತಿಳಿವಳಿಕೆಯಲ್ಲಿ ಕೊರತೆಯಿತ್ತು. ನಾಲ್ಕು ಜನರ ಮುಂದೆ ಅವನನ್ನು ತಿದ್ದಲು ಹೋಗಲಿಲ್ಲ. ಬೇರೆಯಾಗಿ ಕರೆದುಕೊಂಡು ದೇವರ ಮಾರ್ಗವನ್ನು ವಿವರಿಸಿದರು. ಅವರ ಮನೆಯಲ್ಲೇ ವಿಶ್ವಾಸಿಗಳು ಸಭೆ ಸೇರುತ್ತಿದ್ದರೆಂದು ಪೌಲರು ಬರೆಯುತ್ತಾರೆ. ತಮ್ಮ ಪ್ರಾಣ ಉಳಿಸಲು ಅವರು ಕತ್ತನ್ನೇ ಒಡ್ಡಿದರೆಂದೂ ಕೃತಜ್ಞತೆಯಿಂದ ಸ್ಮರಿಸುತ್ತಾರೆ. ಹೊಸ ಒಡಂಬಡಿಕೆಯಲ್ಲಿ ಈ ಜೋಡಿಯ ಹೆಸರು ಆರು ಸಲ ಬರುತ್ತದೆ. ಒಂದು ಸಲವೂ ಒಬ್ಬರನ್ನು ಬಿಟ್ಟು ಒಬ್ಬರ ಹೆಸರಿಲ್ಲ. ನಾಲ್ಕು ಕಡೆ ಹೆಂಡತಿಯ ಹೆಸರೇ ಮೊದಲು!

1981ರಲ್ಲಿ ಕುಟುಂಬದ ಕುರಿತು ಬರೆದ ಪ್ರೇಷಿತ ಪತ್ರದಲ್ಲಿ ವಿಶ್ವಗುರು ಎರಡನೆಯ ಜಾನ್ ಪೌಲರು ಇವರನ್ನೇ ಮಿಷನರಿ ದಂಪತಿಗಳ ಮಾದರಿಯಾಗಿ ತೋರಿಸಿದರು. ಇವರ ಬಳಿಯಿದ್ದ ಬಂಡವಾಳವೇನು? ಒಂದು ಸೂಜಿ, ಒಂದು ಮನೆ, ತೆರೆದ ಬಾಗಿಲು.

ನಮ್ಮ ನಾಡಿಗೂ ಪರದೇಶದಿಂದ ಮಿಷನರಿ ದಂಪತಿಗಳು ಬಂದಿದ್ದಾರೆ. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ನಮ್ಮ ಕಥೋಲಿಕ ಸಭೆಯವರಲ್ಲ. ಆದರೂ ಅವರಿಂದ ನಾವು ಕಲಿಯಬೇಕಾದ ಪಾಠವಿದೆ. 1836ರಲ್ಲಿ ಮಂಗಳೂರಿಗೆ ಬಂದ ಅವರು ಮೊದಲು ಕಲಿತದ್ದು ನಮ್ಮ ಮಾತನ್ನು. 1843ರಲ್ಲಿ 'ಮಂಗಳೂರು ಸಮಾಚಾರ' ಎಂಬ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದರು. ದಾಸರ ಪದಗಳನ್ನು, ಹಳೆಯ ಕಾವ್ಯಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಕೊನೆಯ ವರ್ಷಗಳಲ್ಲಿ ಪತ್ನಿ ಪೌಲೀನಾರೊಂದಿಗೆ ಕೊಡಗಿನಲ್ಲಿದ್ದು, 1860ರಲ್ಲಿ ಆಕೆಯ ಅನಾರೋಗ್ಯದ ಕಾರಣ ತಾಯ್ನಾಡಿಗೆ ಮರಳಿದರು. ಕಲಿಸಲು ಬಂದವರು ಮೊದಲು ಕಲಿಯುವವರಾದರು. ಆದ್ದರಿಂದಲೇ ಇಂದಿಗೂ ಕನ್ನಡಿಗರು ಅವರನ್ನು ಗೌರವದಿಂದ ನೆನೆಯುತ್ತಾರೆ.

ಈಗ ನಮ್ಮ ಊರುಗಳ ಕಡೆ ನೋಡೋಣ. ಪರದೇಶಕ್ಕೆ ಹೋಗಲಾಗದ ನಮ್ಮ ಬಾಗಿಲಿಗೇ ಪರದೇಶಿಗಳು ಬಂದಿದ್ದಾರೆ. ಅಸ್ಸಾಮಿನಂಥ ದೂರದ ರಾಜ್ಯಗಳಿಂದ ನಮ್ಮ ಜಿಲ್ಲೆಯ ಕಾಫಿ ತೋಟಗಳಿಗೆ ಕೂಲಿಗೆ ಬಂದ ಕುಟುಂಬಗಳಿವೆ. ಅವರ ಮಾತು ನಮಗೆ ತಿಳಿಯದು, ನಮ್ಮದು ಅವರಿಗೆ ತಿಳಿಯದು. ಇನ್ನು ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನ ಲಂಬಾಣಿ ತಾಂಡಾಗಳ ಜನ ಇಲ್ಲಿಯವರೇ. ಅವರಿಗೂ ತಮ್ಮದೇ ಭಾಷೆ, ಕಸೂತಿ, ಹಬ್ಬಗಳಿವೆ. ಎಷ್ಟೋ ವರ್ಷ ಪಕ್ಕದಲ್ಲೇ ಇದ್ದರೂ ಅವರ ಮನೆಯ ಹೊಸ್ತಿಲು ತುಳಿದವರು ನಮ್ಮಲ್ಲಿ ಎಷ್ಟು ಮಂದಿ?

ಆದ್ದರಿಂದ, ಪ್ರಿಯ ದಂಪತಿಗಳೇ, ನಿಮ್ಮ ಊರಿನಲ್ಲೇ ಒಂದು ವಾರ ಮಿಷನರಿಗಳಾಗಿ ನೋಡಿ.

ಭಾನುವಾರ ಬಲಿಪೂಜೆ ಮುಗಿಸಿ ಬಂದು, ಇಬ್ಬರೂ ಕುಳಿತು ಪ್ರಾರ್ಥಿಸಿ, ಅಂಥ ಒಂದೇ ಒಂದು ಕುಟುಂಬವನ್ನು ಆರಿಸಿಕೊಳ್ಳಿ. ಸೋಮವಾರ ಬರಿಗೈಯಲ್ಲಿ ಹೋಗಿ. ಹೆಸರು ಕೇಳಿ, "ಊಟ ಆಯ್ತಾ?" ಎಂಬುದನ್ನು ಅವರ ಮಾತಿನಲ್ಲಿ ಕಲಿತು ಬನ್ನಿ. ನೀವು ತಪ್ಪಾಗಿ ನುಡಿದಾಗ ಅವರು ನಗುತ್ತಾರೆ, ನಗಲಿ. ಮಂಗಳವಾರ ಅವರು ಕೊಟ್ಟ ಚಹಾ ಕುಡಿದು, ಸುಮ್ಮನೆ ಕೇಳಿಸಿಕೊಳ್ಳಿ.

ಬುಧವಾರದಿಂದ ಅವರ ಒಂದು ಅಗತ್ಯಕ್ಕೆ ಕೈಜೋಡಿಸಿ. ಮಗುವನ್ನು ಅಂಗನವಾಡಿಗೆ ಸೇರಿಸುವುದು, ಗರ್ಭಿಣಿಯನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವುದು, ಬ್ಯಾಂಕಿನಲ್ಲಿ ಅರ್ಜಿ ತುಂಬಿಕೊಡುವುದು, ಇವು ಸಣ್ಣ ಕೆಲಸಗಳಲ್ಲ. 'ಒಂದು ದೇಶ, ಒಂದು ಪಡಿತರ ಚೀಟಿ' ಯೋಜನೆಯಡಿ ಬೇರೆ ರಾಜ್ಯದ ಪಡಿತರ ಚೀಟಿಗೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು. ಭಾಷೆ ಬಾರದವರಿಗೆ ಇದನ್ನು ತಿಳಿಸಿ ಹೇಳುವುದೂ ಅನ್ನದಾನವೇ. ಫೋಟೋ ತೆಗೆಯುವುದು ಬೇಡ. ಅವರ ದೇವರು ಯಾರೆಂದು ಕೇಳಿ ಸಹಾಯ ಮಾಡುವುದೂ ಬೇಡ. ಬೇರೆ ಗುರಿ ಸಾಧಿಸಲು ಪ್ರೀತಿಯನ್ನು ಸಾಧನವಾಗಿ ಬಳಸಬಾರದೆಂದು ವಿಶ್ವಗುರು ಹದಿನಾರನೆಯ ಬೆನೆಡಿಕ್ಟರು 2005ರ ತಮ್ಮ ವಿಶ್ವಪತ್ರದಲ್ಲಿ ತಿಳಿಸಿದ್ದಾರೆ.

ಶುಕ್ರವಾರ ಬಿಡುವಿದ್ದರೆ ಎರಡೂ ಕುಟುಂಬದವರು ಸೇರಿ ಅಮೃತಾಪುರಕ್ಕೆ ಹೋಗಿಬನ್ನಿ. 1196ರಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ ಆ ದೇಗುಲದ ಶಿಲ್ಪವನ್ನು ಅವರಿಗೆ ತೋರಿಸಿ. ಅವರ ಊರಿನಲ್ಲಿ ಏನಿದೆಯೆಂದು ಕೇಳಿ. ತನ್ನ ಊರಿನ ವಿಷಯ ಹೇಳುವಾಗ ಕೂಲಿಯವನೂ ತಲೆಯೆತ್ತಿ ಮಾತನಾಡುತ್ತಾನೆ.

ಶನಿವಾರ ಎಲ್ಲಕ್ಕಿಂತ ಕಷ್ಟದ ದಿನ. ಅಂದು ಅವರನ್ನು ನಿಮ್ಮ ಮನೆಗೆ ಊಟಕ್ಕೆ ಕರೆಯಬೇಕು. ಅವರು ಕೂರುವುದು ಜಗಲಿಯ ಮೇಲೋ, ನಿಮ್ಮ ಪಕ್ಕದಲ್ಲೋ? ಕೆಲಸದವರಿಗೆಂದು ಬೇರೆ ಇಟ್ಟ ಲೋಟ ನಮ್ಮ ಅಡುಗೆಮನೆಯಲ್ಲಿ ಇದೆಯೇ? ಇದ್ದರೆ, ಎಷ್ಟು ಅಕ್ಕಿ ಹಂಚಿದರೂ ನಮ್ಮ ಸೇವೆ ಇನ್ನೂ ಹೊಸ್ತಿಲು ದಾಟಿಲ್ಲ. ಕೈಯೆತ್ತಿ ಕೊಡುವುದು ಸುಲಭ, ಪಂಕ್ತಿಯಲ್ಲಿ ಕೂರಿಸಿಕೊಳ್ಳುವುದು ಕಷ್ಟ. ಕೊರಿಂಥದಲ್ಲಿ ಅಕ್ವಿಲ ಪ್ರಿಸಿಲ್ಲರು ಪೌಲರನ್ನು ಊಟ ಹಾಕಿ ಕಳುಹಿಸಲಿಲ್ಲ, ಮನೆಯವರನ್ನಾಗಿ ಮಾಡಿಕೊಂಡರು.

ಮರುದಿನ ಬಲಿಪೂಜೆಯಲ್ಲಿ ಕ್ರಿಸ್ತಪ್ರಸಾದ ಸ್ವೀಕರಿಸುವಾಗ, ಆ ಕುಟುಂಬದವರ ಮುಖಗಳು ನಿಮ್ಮ ಕಣ್ಣೆದುರಿಗೆ ಬರಲಿ. ವಾರ ಮುಗಿಯಿತೆಂದು ಬಾಗಿಲು ಮುಚ್ಚಬೇಡಿ.

ಮನೆಯವರೆಲ್ಲ ಕೂಡಿ ಚಿಂತಿಸಲು:

1. ನಮ್ಮ ಬೀದಿಯಲ್ಲಿ ನಾವು ಇನ್ನೂ ಹೆಸರು ಕೇಳದ ಕುಟುಂಬ ಯಾವುದು?
2. ಪರರಿಗೆ ಸಹಾಯ ಮಾಡುವಾಗ ಗಂಡ ಹೆಂಡತಿ ಇಬ್ಬರೂ ಕೂಡಿ ನಿರ್ಧರಿಸುತ್ತೇವೆಯೇ?
3. ನಮ್ಮ ಮನೆಯಲ್ಲಿ ಬೇರೆ ಲೋಟ ಇದೆಯೇ?

ಪ್ರಾರ್ಥನೆ: ಪ್ರಭುವೇ, ಬೆತ್ಲೆಹೇಮಿನಲ್ಲಿ ನಿಮಗೆ ಸ್ಥಳ ಸಿಗಲಿಲ್ಲ. ಇಂದು ಪರದೇಶಿಯ ರೂಪದಲ್ಲಿ ನಮ್ಮ ಬಾಗಿಲು ತಟ್ಟುವಾಗ ನಿಮ್ಮನ್ನು ಗುರುತಿಸುವ ಕಣ್ಣನ್ನೂ, ಒಳಗೆ ಕರೆಯುವ ಮನಸ್ಸನ್ನೂ ನಮ್ಮ ಕುಟುಂಬಕ್ಕೆ ದಯಪಾಲಿಸಿರಿ. ಆಮೆನ್.