ನಿಂತ ದಿನದ ಲೆಕ್ಕ: ಟ್ರ್ಯಾಕ್ಟರ್ ತರುವ ಮುನ್ನ, ಎತ್ತು ಕಟ್ಟುವ ಮುನ್ನ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿ, ದಲಾಲಿ ಅಂಗಡಿಯ ಪಟ್ಟಿ ಕಿಸೆಗೆ ಬಿದ್ದ ದಿನ ರೈತನ ಕಾಲು ತಾನಾಗಿಯೇ ಟ್ರ್ಯಾಕ್ಟರ್ ಷೋರೂಮಿನ ಕಡೆ ತಿರುಗುತ್ತದೆ. ಮೂರು ವರ್ಷ ಕಂತು ಕಟ್ಟಿ ಸುಸ್ತಾದವನ ಕಾಲು ಹಾವೇರಿಯ ದನದ ಸಂತೆಯ ಕಡೆ ತಿರುಗುತ್ತದೆ. ಇಬ್ಬರೂ ಕೇಳುವ ಪ್ರಶ್ನೆ ಒಂದೇ: ಎಷ್ಟಕ್ಕೆ ಬರುತ್ತದೆ? ಕೇಳಬೇಕಾದ ಪ್ರಶ್ನೆ ಬೇರೆ: ವರ್ಷದಲ್ಲಿ ಎಷ್ಟು ದಿನ ಸುಮ್ಮನೆ ನಿಲ್ಲುತ್ತದೆ?

ಅಮೆರಿಕದಲ್ಲಿ ನಿವೃತ್ತರು ಮೋಟಾರು ಮನೆ ಕೊಳ್ಳಬೇಕೋ ದೋಣಿ ಕೊಳ್ಳಬೇಕೋ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಎರಡೂ ನಿಂತಲ್ಲೇ ದುಡ್ಡು ತಿನ್ನುತ್ತವೆ. ಜಾಗದ ಬಾಡಿಗೆ, ವಿಮೆ, ತುಕ್ಕು ಯಾವುದೂ ರಜೆ ಹಾಕುವುದಿಲ್ಲ. ನಮ್ಮ ಹಾವೇರಿ ಜಿಲ್ಲೆಯಲ್ಲಿ ಆ ಪೇಚಾಟ ಟ್ರ್ಯಾಕ್ಟರ್ ಮತ್ತು ಎತ್ತಿನ ನಡುವೆ. ಇಲ್ಲಿ ಕೆಲವು ಸೂತ್ರಗಳಿವೆ. ಅರ್ಧ ಪುಸ್ತಕದಿಂದ, ಅರ್ಧ ಟ್ರ್ಯಾಕ್ಟರ್ ಸಾಲ ಮಾಡಿ ನಮ್ಮ ಕಾಕಾ ತಿಂದ ಪೆಟ್ಟಿನಿಂದ ಕಲಿತದ್ದು.

1. ರೊಕ್ಕ ಎಣಿಸುವ ಮೊದಲು ತಾಸು ಎಣಿಸಿ

ಟ್ರ್ಯಾಕ್ಟರಿನ ಖರ್ಚು ಲೆಕ್ಕ ಹಾಕುವಾಗ ಕೃಷಿ ಎಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವ ಅಳತೆ: ಆಯುಷ್ಯ 10 ವರ್ಷ, ದುಡಿಮೆ ವರ್ಷಕ್ಕೆ 1000 ತಾಸು. ಈಗ ಆರು ಎಕರೆಯವನ ಹೊಲಕ್ಕೆ ಬನ್ನಿ. ನೇಗಿಲು, ಕಲ್ಟಿವೇಟರ್, ರೋಟವೇಟರ್, ಗೊಬ್ಬರ ಹೇರುವುದು, ಫಸಲು ತರುವುದು ಎಲ್ಲ ಸೇರಿಸಿ ಎಕರೆಗೆ 10 ತಾಸು ಹಿಡಿದರೂ ಒಟ್ಟು 60.

ಕಾಗದ ತೆಗೆದುಕೊಳ್ಳಿ. ಗಾಡಿ, ಟ್ರೇಲರ್, ಸಾಮಾನು ಸೇರಿ 11 ಲಕ್ಷ ಎಂದಿಟ್ಟುಕೊಳ್ಳಿ. ಹತ್ತು ವರ್ಷಕ್ಕೆ 3 ಲಕ್ಷಕ್ಕೆ ಮಾರಿದರೆ ವರ್ಷಕ್ಕೆ 80 ಸಾವಿರ ಸವೆತ. ಬಡ್ಡಿ ಸರಾಸರಿ 70 ಸಾವಿರ. ವಿಮೆ, ನೆರಳಿಗೊಂದು ತಗಡಿನ ಶೆಡ್ಡು ಇತ್ಯಾದಿಗೆ 20 ಸಾವಿರ. ಕೀಲಿ ತಿರುಗಿಸದೆಯೇ 1,70,000 ರೂಪಾಯಿ ಹೋಯಿತು. ಅದನ್ನು 60 ತಾಸಿಗೆ ಹಂಚಿದರೆ ತಾಸಿಗೆ 2,800ಕ್ಕೂ ಮೇಲೆ. ಡೀಸೆಲ್, ಡ್ರೈವರ್, ಆಯಿಲ್, ರಿಪೇರಿ ಅಂತ ಇನ್ನೊಂದು 650 ಸೇರಿಸಿ. ಪಕ್ಕದ ಮನೆಯವನ ಟ್ರ್ಯಾಕ್ಟರ್ ತಾಸಿಗೆ 1,100ಕ್ಕೆ ಬರುವಾಗ ನೀವು ನಿಮ್ಮದೇ ಹೊಲವನ್ನು ಸುಮಾರು 3,500ಕ್ಕೆ ಹೊಡೆಯುತ್ತಿದ್ದೀರಿ!

ಇದೇ ಅಂಕಿಗಳಲ್ಲಿ ಬಾಡಿಗೆಗೂ ಸ್ವಂತಕ್ಕೂ ಸಮ ಆಗುವುದು ವರ್ಷಕ್ಕೆ 380 ತಾಸಿನ ಹತ್ತಿರ. ನಿಮ್ಮೂರಿನ ದರ ಹಾಕಿ ನೀವೇ ಗುಣಿಸಿ ನೋಡಿ. ಉತ್ತರ ಬಹಳ ಬದಲಾಗುವುದಿಲ್ಲ.

2. ಎತ್ತು ಡೀಸೆಲ್ ಕುಡಿಯುವುದಿಲ್ಲ, ಆದರೆ ಭಾನುವಾರವೂ ತಿನ್ನುತ್ತದೆ

ಎತ್ತು ಅಂದರೆ ಪುಕ್ಕಟೆ ಎನ್ನುವವರು ದನದ ಮನೆ ಬಳಿದವರಲ್ಲ. ಒಂದು ಜೋಡಿಗೆ ದಿನಕ್ಕೆ 16 ಕಿಲೋ ಒಣಮೇವು ಹಿಡಿದರೆ ವರ್ಷಕ್ಕೆ ಆರು ಟನ್ ಹತ್ತಿರ ಬರುತ್ತದೆ. ಜೋಳದ ಕಣಿಕೆ, ಶೇಂಗಾ ಹೊಟ್ಟು ನಿಮ್ಮ ಬಣವೆಯಲ್ಲೇ ಇದ್ದರೆ ಸರಿ. ಇಡೀ ಹೊಲಕ್ಕೆ ಗೋವಿನಜೋಳ, ಹತ್ತಿ ಹಾಕಿ, ಕಣಿಕೆಯನ್ನು ಕೊಂಡು ತರುವವರಾದರೆ ಕಿಲೋಗೆ 6 ರೂಪಾಯಿಯಂತೆ 35 ಸಾವಿರ ಅಲ್ಲೇ ಹೋಗುತ್ತದೆ. ಹಿಂಡಿ, ನಾಲ, ಹಗ್ಗ, ಔಷಧ, ಜೋಡಿಯ ಬೆಲೆಯ ಮೇಲಿನ ಬಡ್ಡಿ, ಸವೆತ ಸೇರಿ 65–70 ಸಾವಿರ. ತಿಪ್ಪೆಗೆ ಬೀಳುವ ಗೊಬ್ಬರದ ಬೆಲೆ 10 ಸಾವಿರ ಕಳೆಯಿರಿ. ನೂರು ದಿನ ಹೂಡಿದರೆ ದಿನಕ್ಕೆ 550–600; ಐವತ್ತೇ ದಿನ ಹೂಡಿದರೆ 1,100–1,200.

ಕಾಗದದಲ್ಲಿ ಬಾರದ ಖರ್ಚು ಒಂದಿದೆ: ಆಳು. ಬೆಳಿಗ್ಗೆ ಐದಕ್ಕೆ ಸಗಣಿ ಬಳಿದು, ಗ್ವಾದಲಿಗೆ ಮೇವು ಹಾಕಿ, ಮೂರು ಹೊತ್ತು ನೀರು ತೋರಿಸುವವರು ಮನೆಯಲ್ಲಿ ಯಾರು? ಹುಬ್ಬಳ್ಳಿಗೆ ಮದುವೆಗೆ ಹೋದವರು ಸಂಜೆ ಬಸ್ಸಿಗೇ ತಿರುಗಿ ಬರಬೇಕು. ಟ್ರ್ಯಾಕ್ಟರ್ ಆದರೆ ಚಾವಿ ಕಿಸೆಯಲ್ಲಿಟ್ಟುಕೊಂಡು ಧರ್ಮಸ್ಥಳಕ್ಕೂ ಹೋಗಬಹುದು.

ರೋಗದ ಮಾತೂ ಇದೆ. 2022ರಲ್ಲಿ ಚರ್ಮಗಂಟು ರೋಗ ನಮ್ಮ ಜಿಲ್ಲೆಯನ್ನು ಯಾವ ಪರಿ ಬಡಿಯಿತು ಎಂಬುದು ಎತ್ತು ಕಳೆದುಕೊಂಡವರಿಗೆ ಗೊತ್ತು. ಇನ್ನು ಮುದಿ ಎತ್ತಿನ ಪ್ರಶ್ನೆ. 2020ರ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ಮುದಿ ಎತ್ತಿಗೆ ಹಿಂದಿನ ಗಿರಾಕಿ ಇಲ್ಲ. ಎತ್ತು ಬಾಯಿಗೂಡಿ ಗಟ್ಟಿ ಇರುವಾಗಲೇ ಬದಲಾಯಿಸಿ. ಇಲ್ಲವೇ ಕೊನೆಯವರೆಗೆ ಸಾಕುತ್ತೇನೆಂದು ಮೊದಲೇ ನಿಶ್ಚಯ ಮಾಡಿ, ಆ ವರ್ಷಗಳ ಮೇವನ್ನೂ ಲೆಕ್ಕಕ್ಕೆ ಬರೆಯಿರಿ.

3. ಹದಕ್ಕೆ ಬೆಲೆ ಕಟ್ಟಿ

ಮೇಲಿನ ಲೆಕ್ಕ ನೋಡಿ ಯಾರೂ ಟ್ರ್ಯಾಕ್ಟರ್ ಕೊಳ್ಳಬಾರದು ಅನಿಸಿದರೆ ಅದು ತಪ್ಪು. ಎರೆ ಹೊಲ ಒಣಗಿದರೆ ಕಲ್ಲು, ನೆನೆದರೆ ಅಂಟು. ನಡುವೆ ಸಿಗುವ ಹದ ಎರಡು ಮೂರು ದಿನದ್ದು. ರೋಹಿಣಿ ಮಳೆ ಬಿದ್ದ ಮರುದಿನ ಊರಿಗೆ ಊರೇ ಬಾಡಿಗೆ ಟ್ರ್ಯಾಕ್ಟರಿನ ಮುಂದೆ ಪಾಳಿ ನಿಲ್ಲುತ್ತದೆ. ನಿಮ್ಮ ಪಾಳಿ ಬರುವಾಗ ಹೊಲ ಹೆಂಟೆ ಹೆಂಟೆ. ತಡವಾದ ಬಿತ್ತನೆಯಿಂದ ಎಕರೆಗೆ ಎಷ್ಟು ಚೀಲ ಕಡಿಮೆಯಾಯಿತು ಎಂದು ಹಿಂದಿನ ಐದು ವರ್ಷ ನೆನಪಿಸಿಕೊಳ್ಳಿ. ಆ ಚೀಲಗಳ ಬೆಲೆ ಒಂದನೇ ಸೂತ್ರದ ಅಂತರವನ್ನು ತುಂಬಿದರೆ ಟ್ರ್ಯಾಕ್ಟರ್ ತನ್ನಿ, ನನ್ನ ತಕರಾರಿಲ್ಲ. ಮಸಾರಿ ಹೊಲದವರಿಗೆ ಇಷ್ಟು ಅವಸರವಿಲ್ಲ, ಅವರು ಕಾಯಬಹುದು.

ಬಾಡಿಗೆ ಹೊಡೆದು ಕಂತು ತೀರಿಸುತ್ತೇನೆ ಎನ್ನುವವರೂ ಇದನ್ನೇ ನೆನಪಿಡಬೇಕು. ನಿಮ್ಮ ಹೊಲಕ್ಕೆ ಹದ ಬಂದ ದಿನವೇ ಗಿರಾಕಿಗೂ ಹದ. ದುಡಿಮೆಯ ಅರ್ಧ ಉದ್ರಿ. ಗೋವಿನಜೋಳ ಮಾರಿದ ಮೇಲೆ ಕೊಡ್ತೀನಿ ಎಂಬ ಮಾತಿಗೆ ಬ್ಯಾಂಕಿನವರು ರಸೀದಿ ಹರಿಯುವುದಿಲ್ಲ.

4. ಎಡೆ ಹೊಡೆಯುವ ದಿನ ನೆನಪಿರಲಿ

ಮೆಣಸಿನ ಗಿಡ ಮೊಣಕಾಲೆತ್ತರ ಬಂದ ಮೇಲೆ ಸಾಲಿನ ನಡುವೆ ದೊಡ್ಡ ಟ್ರ್ಯಾಕ್ಟರ್ ಇಳಿಸಲಾಗದು. ಅಲ್ಲಿ ಎಡೆಕುಂಟೆಯೇ ಬೇಕು. ಬಾಯಿಗೆ ಕುಕ್ಕೆ ಕಟ್ಟಿದ ಜೋಡಿ ಗಿಡಕ್ಕೆ ಭುಜ ತಾಗಿಸದೆ ಸಾಲು ಹಿಡಿದು ಹೋಗುವುದನ್ನು ಬದುವಿನ ಮೇಲೆ ಕೂತು ನೋಡಿದವರಿಗೆ ನಾನು ಹೇಳುವುದು ಏನೂ ಉಳಿದಿಲ್ಲ. ಟ್ರ್ಯಾಕ್ಟರ್ ಇದ್ದವರೂ ಆ ವಾರ ಎತ್ತಿನವನ ಮನೆ ಬಾಗಿಲಿಗೆ ಹೋಗುತ್ತಾರೆ. ಹಾಗಾಗಿ ಒಂದನ್ನು ತಂದರೆ ಇನ್ನೊಂದರ ಖರ್ಚು ತಪ್ಪಿತು ಎಂದು ಬರೆದುಕೊಳ್ಳಬೇಡಿ. ಯಾವುದು ಸ್ವಂತ, ಯಾವುದು ಬಾಡಿಗೆ ಎಂಬುದಷ್ಟೇ ನಿಮ್ಮ ಆಯ್ಕೆ.

5. ಕಂತಿನ ತಿಂಗಳನ್ನು ನೀವೇ ಆರಿಸಿ

ನಮ್ಮ ಕಾಕಾ ಸಾಲ ತೆಗೆದದ್ದು ಫೆಬ್ರುವರಿಯಲ್ಲಿ, ಕಾಯಿಯ ದುಡ್ಡು ಕೈಯಲ್ಲಿದ್ದಾಗ. ಆರು ತಿಂಗಳಿಗೊಂದು ಕಂತು. ಮೊದಲನೆಯದೇ ಬಂದು ಬೀಳುವುದು ಆಗಸ್ಟಿನಲ್ಲಿ. ಶ್ರಾವಣದಲ್ಲಿ ರೈತನ ಕೈಯಲ್ಲಿ ಏನಿರುತ್ತದೆ? ಗೊಬ್ಬರದ ಅಂಗಡಿಯ ಚೀಟಿ ಇರುತ್ತದೆ. ಸಹಿ ಹಾಕುವ ಮೊದಲೇ, ಗೋವಿನಜೋಳ ಮಾರುವ ನವೆಂಬರ್–ಡಿಸೆಂಬರ್ ಮತ್ತು ಕಾಯಿ ಮಾರುವ ಮಾರ್ಚ್–ಏಪ್ರಿಲ್‌ಗೆ ಕಂತು ಕೂಡಿಸಿಕೊಡಿ ಎಂದು ಕೇಳಿ. ಕೇಳಿದರೆ ಕೊಡುವವರಿದ್ದಾರೆ; ಕೇಳುವವರೇ ಕಡಿಮೆ.

ಒಂದೇ ಬೆಳೆಯ ದರ ನಂಬಿ ಕಂತಿಗೆ ಒಪ್ಪಬೇಡಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿರಬಹುದು, ಬಣ್ಣಕ್ಕೆ ಜಗತ್ತಿನಲ್ಲೆಲ್ಲ ಹೆಸರಿರಬಹುದು. ಆದರೆ ದರ ಕುಸಿದ ದಿನ ಏನಾಗುತ್ತದೆ ಎಂಬುದನ್ನು 2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿ ಎಪಿಎಂಸಿಯಲ್ಲಿ ರೈತರ ಸಿಟ್ಟಿಗೆ ಹೊತ್ತಿದ ಬೆಂಕಿ ತೋರಿಸಿದೆ.

6. ಕಾಗದದ ಕೆಲಸ

ಬೇಗ ಮುಗಿಸುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಟ್ರ್ಯಾಕ್ಟರ್ ಟಯರಿನದು ಶೇ 18ರಿಂದ ಶೇ 5ಕ್ಕೆ. ಬಿಲ್ಲಿನಲ್ಲಿ ಅದು ಕಾಣಬೇಕು. ಟ್ರೇಲರ್‌ಗೂ ನೋಂದಣಿ, ವಿಮೆ ಬೇಕು. ಸಾಲ ತೀರಿದ ಮೇಲೆ ಬ್ಯಾಂಕಿನ ಎನ್‌ಒಸಿ ತಂದು, ಹಾವೇರಿಯ ಕೆಎ 27 ಇರಲಿ, ರಾಣೆಬೆನ್ನೂರಿನ ಕೆಎ 68 ಇರಲಿ, ಆರ್‌ಸಿಯಲ್ಲಿರುವ ಸಾಲದ ನಮೂದು ತೆಗೆಸಿ. ಇಲ್ಲದಿದ್ದರೆ ಮಾರುವ ದಿನ ಗಿರಾಕಿ ಅದನ್ನೇ ಹಿಡಿದು ಬೆಲೆ ಇಳಿಸುತ್ತಾನೆ. ಮತ್ತೆ ಒಂದು: ಟ್ರ್ಯಾಕ್ಟರಿನಲ್ಲಿ ಸೀಟು ಇರುವುದು ಡ್ರೈವರಿಗೆ ಮಾತ್ರ. ದೇವರಗುಡ್ಡದ ಕಾರಣಿಕಕ್ಕೆ, ಕದರಮಂಡಲಗಿ ಕಾಂತೇಶನ ಜಾತ್ರೆಗೆ ಟ್ರೇಲರ್ ತುಂಬ ಮಂದಿ ಹೇರಿಕೊಂಡು ಹೋಗುವಾಗ ಅದು ಪಲ್ಟಿಯಾದರೆ ವಿಮೆಯವರು ಕೈ ಎತ್ತಬಹುದು. ಆ ಖರ್ಚಿಗೆ ಹೊಲವೇ ಸಾಲದು.

7. ಹಳೆಯದನ್ನು ತರುವಾಗ ಬೆಳಿಗ್ಗೆ ಹೋಗಿ

ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ನೋಡಲು ಮಧ್ಯಾಹ್ನ ಹೋದರೆ ಮಾಲೀಕ ಅಷ್ಟೊತ್ತಿಗೆ ಎಂಜಿನ್ ಬಿಸಿ ಮಾಡಿ ಇಟ್ಟಿರುತ್ತಾನೆ. ಬೆಳಿಗ್ಗೆ ಆರಕ್ಕೇ ಹೋಗಿ, ಬಾನೆಟ್ಟಿನ ಮೇಲೆ ಅಂಗೈ ಇಡಿ. ತಣ್ಣಗಿದ್ದರೆ ಆಮೇಲೆ ಸ್ಟಾರ್ಟ್ ಮಾಡಿಸಿ. ಒಂದೇ ಏಟಿಗೆ ಹಿಡಿಯಿತೋ, ನೀಲಿ ಹೊಗೆ ಬಂತೋ ನೋಡಿ. ತಾಸಿನ ಮೀಟರನ್ನು ಪೂರ್ತಿ ನಂಬಬೇಡಿ; ಕ್ಲಚ್ ಪೆಡಲಿನ ರಬ್ಬರು ಎಷ್ಟು ಸವೆದಿದೆ ನೋಡಿ, ಅದು ಸುಳ್ಳು ಹೇಳುವುದಿಲ್ಲ. ಕೆಸರುಗದ್ದೆಯಲ್ಲಿ ಓಡಿದ ಗಾಡಿಯಾದರೆ ಆಕ್ಸಲಿನ ಸೀಲುಗಳ ಹತ್ತಿರ ಆಯಿಲ್ ಜಿನುಗಿದೆಯೋ ಎಂದು ಬೆರಳು ಆಡಿಸಿ.

ಎತ್ತಿಗೂ ಇಂಥದೇ ಪರೀಕ್ಷೆ. ಸಂತೆಯಲ್ಲಿ ದಲಾಲಿ ಟವೆಲ್ ಕೆಳಗೆ ಬೆರಳು ಹಿಡಿಯುವ ಮೊದಲು ನೀವು ತುಟಿ ಎತ್ತಿ ಹಲ್ಲು ಎಣಿಸಿರಬೇಕು. ಎರಡು ಹಲ್ಲಿನದು ಅಗ್ಗ, ಆದರೆ ಪಳಗಿಸುವ ಕೆಲಸ ನಿಮ್ಮದು. ಆರು ಹಲ್ಲಿನದು ತುಟ್ಟಿ, ನಾಳೆಯೇ ಹೂಡಬಹುದು. ಸುಳಿ ನೋಡುವ ಹಿರಿಯರಿಗೆ ಎದುರಾಡಬೇಡಿ. ಅವರು ಸುಳಿ ನೋಡುತ್ತಿರಲಿ, ನೀವು ಗೊರಸು ನೋಡಿ, ಹತ್ತು ಹೆಜ್ಜೆ ನಡೆಸಿ ಕುಂಟು ನೋಡಿ. “ನೊಗದ ಎಡಕ್ಕ ರೂಢಿ ಐತೋ ಬಲಕ್ಕೋ, ಯಜಮಾನ್ರ?” ಎಂದು ಕೇಳುವುದನ್ನು ಮರೆಯಬೇಡಿ. ಎರಡೂ ಎಡಕ್ಕೇ ಪಳಗಿದ ಜೋಡಿ ತಂದವರ ಮೊದಲ ಮಳೆ ಪೂರ್ತಿ ಜಗಳದಲ್ಲೇ ಕಳೆಯುತ್ತದೆ.

8. ಹೋರಿಯನ್ನು ಈ ಲೆಕ್ಕಕ್ಕೆ ತರಬೇಡಿ

ದೀಪಾವಳಿ ನಂತರದ ಹೋರಿ ಹಬ್ಬದಲ್ಲಿ ಕೊರಳಿಗೆ ಕೊಬ್ಬರಿ ಕಟ್ಟಿಕೊಂಡು, ಬೆನ್ನಿಗೆ ಜೂಲ ಹೊದ್ದು, ಜನರ ನಡುವೆ ಗಾಳಿಯಂತೆ ನುಗ್ಗುವ ಹೋರಿಗೆ ಹಿಂಡಿ, ಮೊಟ್ಟೆ, ಹುರುಳಿ ಎಷ್ಟು ಹೋಯಿತು ಎಂದು ಕೇಳಿದರೆ ಸಾಕಿದವನು ನಿಮ್ಮನ್ನೇ ದಿಟ್ಟಿಸಿ ನೋಡುತ್ತಾನೆ. ಹಾವೇರಿ ಜಿಲ್ಲೆಯ ದೋಣಿ ಅದು. ಶೋಕಿಗೆ ಶೋಕಿಯ ರೊಕ್ಕ ಬೇರೆ ಇರಲಿ. ಹೊಲದ ಸಾಲದಿಂದ ತೆಗೆಯಬೇಡಿ, ಅಷ್ಟೇ.

9. ಪಾಲು ಮಾಡಿ, ಆದರೆ ಬರೆದಿಡಿ

ಒಂದೊಂದು ಎತ್ತು ಕಟ್ಟಿ, ಮುಯ್ಯಿಗೆ ಜೋಡಿ ಮಾಡಿಕೊಂಡು ಇಬ್ಬರ ಹೊಲ ಹೂಡುವ ಪದ್ಧತಿ ನಮ್ಮಲ್ಲಿ ಹಳೆಯದು. ನಿಲ್ಲುವ ದಿನವನ್ನು ಕಡಿಮೆ ಮಾಡುವ ಉಪಾಯ ಅದು. ಟ್ರ್ಯಾಕ್ಟರಿಗೂ ಇದು ನಡೆಯುತ್ತದೆ, ಯಾರ ಹೊಲಕ್ಕೆ ಮೊದಲು ಎಂಬುದು ಮಳೆಗೆ ಮುಂಚೆಯೇ ತೀರ್ಮಾನ ಆಗಿದ್ದರೆ. ಒಂದು ವರ್ಷ ನಿಮ್ಮದು ಮೊದಲು, ಮುಂದಿನ ವರ್ಷ ಅವರದು. ಯಾರೂ ಪಾಲಿಗೆ ಸಿಗದಿದ್ದರೆ 2014–15ರಲ್ಲಿ ರಾಜ್ಯ ಸರ್ಕಾರ ಶುರು ಮಾಡಿದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳನ್ನು ಹೋಬಳಿಯಲ್ಲಿ ವಿಚಾರಿಸಿ. ವರ್ಷಕ್ಕೆ ಆರು ತಾಸು ಬೇಕಾಗುವ ರೋಟವೇಟರನ್ನು ಸ್ವಂತಕ್ಕೆ ಕೊಳ್ಳುವ ಮೊದಲಂತೂ ಖಂಡಿತ ವಿಚಾರಿಸಿ.

ಬರೆದಿಡುವ ಕೆಲಸಕ್ಕೆ ನೂರು ಪುಟದ ನೋಟ್‌ಬುಕ್ಕು ಸಾಕು. ಕಾಕಾ ಈಗ ಅದನ್ನು ಟ್ರ್ಯಾಕ್ಟರ್ ಚಾವಿಯ ಮೊಳೆಗೇ ದಾರ ಕಟ್ಟಿ ತೂಗುಹಾಕಿದ್ದಾನೆ. ಪ್ರತಿ ಪುಟದಲ್ಲೂ ತಾರೀಖು, ಯಾರ ಹೊಲ, ಎಷ್ಟು ತಾಸು, ಎಷ್ಟು ಲೀಟರು, ನಗದೋ ಉದ್ರಿಯೋ. ಕಳೆದ ಸಲ ಊರಿಗೆ ಹೋದಾಗ ತೆಗೆದು ನೋಡಿದೆ. ಜೂನ್ ತಿಂಗಳ ಎರಡು ಪುಟ ಕಿಕ್ಕಿರಿದು ತುಂಬಿತ್ತು, ಅಂಚಿನಲ್ಲೂ ಬರೆದಿದ್ದ. ಆಗಸ್ಟ್ ಪುಟದಲ್ಲಿ ಒಂದೇ ಸಾಲು: “ತಾಸು ಸೊನ್ನಿ. ಕಂತು ಕಟ್ಟಿದ್ದು.” ಅದರ ಕೆಳಗೆ ಬೇರೆ ಪೆನ್ನಿನಲ್ಲಿ, ಕಾಕಿಯ ಅಕ್ಷರ: “ನನ್ನ ಬೆಂಡವಾಲಿ ಇಟ್ಟು.”