ರಾಜೀನಾಮೆ ಪತ್ರ ಸದ್ಯ ಬ್ಯಾಗಿನಲ್ಲೇ ಇರಲಿ

ಪ್ರಶ್ನೆ: ಮೇಡಂ, ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಐದು ವರ್ಷ ತುಂಬೋಕೆ ಇನ್ನು ಏಳು ತಿಂಗಳು. ಹೊಸ ಸೂಪರ್‌ವೈಸರ್ ಬಂದಾಗಿನಿಂದ ನೆಮ್ಮದಿ ಇಲ್ಲ. ಒಂದು ಆಲ್ಟರ್ ಬಂದರೆ ಸಾಕು, ಕಾಲರ್ ಪೀಸನ್ನು ಮುಖಕ್ಕೇ ಎಸೆದು, ಇಡೀ ಲೈನಿಗೆ ಕೇಳೋ ಹಾಗೆ ‘ಮನೇಲಿ ಅನ್ನಕ್ಕೆ ಗತಿ ಇಲ್ದೆ ಬಂದುಬಿಡ್ತಾವೆ’ ಅಂತಾರೆ. ಟಾಯ್ಲೆಟ್‌ಗೆ ಹೋದರೆ ವಾಚ್ ನೋಡ್ತಾ ನಿಂತಿರ್ತಾರೆ. ದಿನಕ್ಕೊಂದು ಮಷೀನಿಗೆ ಕೂರಿಸ್ತಾರೆ. ಜೊತೇಲಿ ಊಟ ಮಾಡ್ತಿದ್ದವರೂ ಈಗ ದೂರ. ಭಾನುವಾರ ಸಂಜೆಯಿಂದಲೇ ಹೊಟ್ಟೆ ತೊಳಸುತ್ತೆ. ಮಾವ ಬಿನ್ನಿ ಮಿಲ್ಲಲ್ಲಿ ಇದ್ದವರು, ‘ಕೆಲಸ ಅಂದ್ಮೇಲೆ ಬೈಗುಳ ಇದ್ದದ್ದೇ’ ಅಂತಾರೆ. ರಾಜೀನಾಮೆ ಬರೆದು ಬ್ಯಾಗಲ್ಲಿ ಇಟ್ಕೊಂಡಿದ್ದೀನಿ. ತಪ್ಪು ನನ್ನದೇನಾ?
— ಹೆಸರು ಬೇಡ, ಓಕಳಿಪುರಂ

ಉತ್ತರ: ನಿಮ್ಮ ಹೊಲಿಗೆಯಲ್ಲಿ ತಪ್ಪಿತ್ತೋ ಇಲ್ಲವೋ, ಇಲ್ಲಿ ಕೂತು ನಾನು ಹೇಳಲಾರೆ. ಆದರೆ ಕಾಲರ್ ಸೊಟ್ಟಗಾಗಿದ್ದಕ್ಕೂ ನಿಮ್ಮ ಮನೆಯ ಅನ್ನಕ್ಕೂ ಏನು ಸಂಬಂಧ? ಬಿಗಿಯಾದ ಸೂಪರ್‌ವೈಸರ್ ಆಗಿದ್ದರೆ ಪೀಸ್ ಬಿಚ್ಚಿಸಿ, ಎಲ್ಲಿ ಎಳೆದಿದೆ ಎಂದು ತೋರಿಸಿ, ಗದರಿಸಿ, ಮುಂದಿನ ಬಂಡಲ್‌ಗೆ ಹೋಗುತ್ತಾರೆ. ಇಲ್ಲಿ ಪೀಸ್ ಬರೀ ನೆಪ. ನಿಮ್ಮೊಬ್ಬರನ್ನೇ ಆರಿಸಿ, ದಿನವೂ, ನಾಲ್ಕು ಜನರ ಎದುರಿಗೆ ಕುಗ್ಗಿಸುತ್ತಿದ್ದರೆ ಅದು ಕಿರುಕುಳವೇ. ದಿನಕ್ಕೊಂದು ಮಷೀನಿಗೆ ಕೂರಿಸಿದರೆ ಯಾವ ಟೈಲರ್ ಕೈಗೂ ಓಟ ಬರುವುದಿಲ್ಲ. ಟಾರ್ಗೆಟ್ ಮುಟ್ಟದ ಹಾಗೆ ಮಾಡಿ, ಮುಟ್ಟಲಿಲ್ಲ ಅಂತ ಬೈಯುವುದು ಹಳೆಯ ಉಪಾಯ.

ಗೆಳತಿಯರು ದೂರ ಕೂತಿದ್ದು ನಿಮಗೆ ಬೈಗುಳಕ್ಕಿಂತ ಹೆಚ್ಚು ನೋವಾಗಿದೆ ಅನ್ನಿಸುತ್ತದೆ. ಅವರಿಗೆ ನಿಮ್ಮ ಮೇಲೆ ಸಿಟ್ಟಿಲ್ಲ, ಮುಂದಿನ ಸರದಿ ತಮ್ಮದಾದರೆ ಎಂಬ ಭಯ. ಎಲ್ಲರನ್ನೂ ಒಲಿಸಿಕೊಳ್ಳಲು ಹೋಗಬೇಡಿ. ಒಬ್ಬಳನ್ನು ಕಂಪನಿ ಗೇಟಿನ ಹೊರಗೆ, ಮೆಟ್ರೋದಲ್ಲಿ ಹಿಡಿದು ಮಾತಾಡಿಸಿ. ‘ಅವತ್ತು ನಾನೂ ನೋಡಿದೆ’ ಎನ್ನುವ ಒಬ್ಬ ಸಾಕ್ಷಿ ಸಿಕ್ಕರೂ ದೂರಿಗೆ ತೂಕ ಬರುತ್ತದೆ.

ಇನ್ನು ರಾಜೀನಾಮೆ. ದಯವಿಟ್ಟು ಕೊಡಬೇಡಿ, ಈಗಂತೂ ಬೇಡ. ಕಾಯಂ ಕೆಲಸಗಾರರಿಗೆ ಐದು ವರ್ಷದ ಸೇವೆ ತುಂಬಿದರೆ ಗ್ರಾಚ್ಯುಟಿ ಹಕ್ಕು. ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ಐದು ವರ್ಷ ಹತ್ತಿರವಾಗುತ್ತಿದ್ದ ಹಾಗೆ ಕಾಟ ಶುರುವಾಗುತ್ತದೆ ಎಂದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೇಳುವುದು ಹೊಸದೇನಲ್ಲ. ನಿಮ್ಮಲ್ಲೂ ಕಾರಣ ಅದೇ ಎಂದು ನಾನು ಹೇಳುತ್ತಿಲ್ಲ. ಆದರೂ ಖಾಲಿ ಹಾಳೆ ಕೊಟ್ಟು ಸಹಿ ಮಾಡು ಅಂದರೆ ಮಾಡಬೇಡಿ.

ಮಗುವಿನ ಹಳೇ ನೋಟ್‌ಬುಕ್ ಇದ್ದರೂ ಸಾಕು, ಇವತ್ತಿನಿಂದಲೇ ಬರೆಯಿರಿ: ತಾರೀಖು, ಹೊತ್ತು, ಆಡಿದ ಮಾತು ಆಡಿದ ಹಾಗೇ, ಪಕ್ಕದ ಮಷೀನಿನಲ್ಲಿ ಯಾರಿದ್ದರು, ಅವತ್ತಿನ ಟಾರ್ಗೆಟ್ ಎಷ್ಟು, ನೀವು ಮುಗಿಸಿದ್ದೆಷ್ಟು. ‘ತುಂಬಾ ಹಿಂಸೆ ಕೊಡ್ತಾರೆ’ ಎಂದಷ್ಟೇ ಹೇಳಿದರೆ ಎಚ್‌ಆರ್‌ನವರು ತಲೆಯಾಡಿಸಿ ಕಳಿಸುತ್ತಾರೆ. ಹತ್ತು ತಾರೀಖು ಮುಂದಿಟ್ಟರೆ ಉತ್ತರ ಕೊಡಬೇಕಾಗುತ್ತದೆ. ದೂರು ಬರವಣಿಗೆಯಲ್ಲೇ ಕೊಟ್ಟು, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.

ಮೇಲಿನವರ ಬೈಗುಳ, ಅವಮಾನಕ್ಕೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಸ್ವೀಡನ್ 1993ರಲ್ಲೇ ನಿಯಮ ಮಾಡಿತು, ನಾವು ಇನ್ನೂ ಆ ಕಡೆ ನೋಡಿಲ್ಲ. ಆದರೆ 20 ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಕುಂದುಕೊರತೆ ಸಮಿತಿ ಇರಲೇಬೇಕು. ಪತ್ರದಲ್ಲಿ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ: ಮಾತಲ್ಲಾಗಲಿ ಕೈಯಲ್ಲಾಗಲಿ ಅಸಭ್ಯವಾಗಿ ನಡೆದುಕೊಂಡಿದ್ದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬೇಕು. ಒಳಗೆ ಕೇಳುವವರಿಲ್ಲದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನವಿದೆ, ಗಾರ್ಮೆಂಟ್ಸ್ ಯೂನಿಯನ್‌ಗಳಿವೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. 15100ಕ್ಕೆ ಫೋನ್ ಮಾಡಿ.

ಮಾವನವರ ಮೇಲೆ ಬೇಸರ ಬೇಡ. ‘ಮಾವ, ಮಿಲ್ಲಲ್ಲಿ ಮೇಸ್ತ್ರಿ ಹೀಗೆ ಮಾಡಿದ್ದರೆ ನಿಮ್ಮ ಯೂನಿಯನ್‌ನವರು ಏನು ಮಾಡ್ತಿದ್ರು?’ ಎಂದು ಕೇಳಿ ನೋಡಿ. ಅವರ ಕಾಲದಲ್ಲಿ ಬೈಗುಳ ಇತ್ತು, ಅದನ್ನು ಕೇಳುವವರೂ ಇದ್ದರು. ನಿಮ್ಮವರೇನು ಕಡಿಮೆಯಲ್ಲ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತಡೆಯುವ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದಾಗ, ಎರಡೇ ದಿನದಲ್ಲಿ ದೆಹಲಿ ಆ ನಿಯಮ ವಾಪಸು ಪಡೆಯಿತು.

ಭಾನುವಾರದ ಹೊಟ್ಟೆ ತೊಳಸನ್ನು ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ ಮುಚ್ಚಬೇಡಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿದ್ದೆ ಪೂರ್ತಿ ಕೆಟ್ಟರೆ, ಬದುಕೇ ಬೇಡ ಎನ್ನಿಸಿದರೆ ಗ್ರಾಚ್ಯುಟಿಯ ಲೆಕ್ಕ ಪಕ್ಕಕ್ಕಿಡಿ, ರಜೆ ಹಾಕಿ ಡಾಕ್ಟರನ್ನು ನೋಡಿ. ಆಮೇಲೂ ಕೆಲಸ ಬಿಡಲೇಬೇಕೆನಿಸಿದರೆ ಬಿಡಿ, ಕಾರಣವನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆದೇ ಬಿಡಿ. ನಾಳೆ ಕೆಲಸಕ್ಕೆ ಹೋದಾಗ ನೋಟಿಸ್ ಬೋರ್ಡಿನಲ್ಲಿ ಸಮಿತಿ ಸದಸ್ಯರ ಹೆಸರು ಹಾಕಿದ್ದಾರಾ ನೋಡಿ. ಇಲ್ಲದಿದ್ದರೆ ದೂರಿನಲ್ಲಿ ಅದನ್ನೂ ಸೇರಿಸಿ.