ಕೊಳವೆ ಬಾವಿ: ಕೊರೆಯುವ ಮುನ್ನ ಹಾಕಬೇಕಾದ ಲೆಕ್ಕ

ನಮ್ಮಲ್ಲಿ ಲೆಕ್ಕಪತ್ರ ಬರೆಸುವ ಸಣ್ಣ ಉದ್ಯಮಿಯೊಬ್ಬರು ಮಳವಳ್ಳಿ ತಾಲ್ಲೂಕಿನ ಬಂಡೂರಿನ ಸಮೀಪ ಆಹಾರ ಸಂಸ್ಕರಣಾ ಘಟಕಕ್ಕೆಂದು ಜಾಗ ಕೊಂಡರು. ಒಂದೇ ಬೇಸಿಗೆಯಲ್ಲಿ ಮೂರು ಕೊಳವೆ ಬಾವಿಗಳನ್ನು ಕೊರೆಸಿದರು. ಮೊದಲ ಎರಡರಲ್ಲಿ ಬರೀ ಕಲ್ಲಿನ ದೂಳು ಬಂತು. ಮೂರನೆಯದರಲ್ಲಿ ನೀರು ಬಿತ್ತಾದರೂ ನಾಲ್ಕು ತಿಂಗಳಲ್ಲಿ ಇಂಗಿತು. ಯಂತ್ರಗಳಿಗೆಂದು ತೆಗೆದಿರಿಸಿದ್ದ ಹಣ ನೆಲದೊಳಗೆ ಹೋಯಿತು. ವರ್ಷಾಂತ್ಯದಲ್ಲಿ ಕಡತ ಹಿಡಿದು ಬಂದು, "ಇದನ್ನು ಯಾವ ಖಾತೆಗೆ ಹಾಕುತ್ತೀರಿ ಸ್ವಾಮಿ?" ಎಂದು ಕೇಳಿದರು. ಖಾತೆಯ ಪ್ರಶ್ನೆಗಿಂತ ಮೊದಲು ಕೇಳಬೇಕಾಗಿದ್ದ ಪ್ರಶ್ನೆಗಳೇ ಈ ಲೇಖನದ ವಿಷಯ.

ನೆಲದಡಿಯ ಸ್ವರೂಪ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಬಹುಭಾಗ ಅತಿ ಪ್ರಾಚೀನವಾದ ನೈಸ್ ಮತ್ತು ಗ್ರಾನೈಟ್ ಶಿಲೆಗಳ ಮೇಲಿದೆ. ಮರಳಿನಂತೆ ಈ ಶಿಲೆಯ ಒಡಲಲ್ಲಿ ನೀರು ನಿಲ್ಲಲು ರಂಧ್ರಗಳಿಲ್ಲ. ನೀರಿಗೆ ಇಲ್ಲಿರುವುದು ಎರಡೇ ನೆಲೆ. ಒಂದು, ಮೇಲ್ಭಾಗದಲ್ಲಿ ಕೊಳೆತು ಸಡಿಲಗೊಂಡ ಶಿಥಿಲ ಶಿಲೆಯ ಪದರ. ಇನ್ನೊಂದು, ಕೆಳಗಿನ ಗಟ್ಟಿ ಬಂಡೆಯಲ್ಲಿರುವ ಬಿರುಕುಗಳು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಶಿಥಿಲ ಪದರ ಠೇವಣಿ. ಬಿರುಕು ಆ ಠೇವಣಿಯಿಂದ ಹಣ ತೆಗೆಯುವ ದಾರಿ. ಮಳೆ, ಕೆರೆ, ನಾಲೆಗಳಿಂದ ಇಂಗುವ ನೀರು ಜಮೆ. ಠೇವಣಿಯಿಲ್ಲದ ಬಿರುಕು ಬಹುಬೇಗ ಬರಿದಾಗುತ್ತದೆ. ಆಳ ಹೆಚ್ಚಿದಂತೆ ಬಿರುಕುಗಳು ಸಾಮಾನ್ಯವಾಗಿ ವಿರಳವಾಗಿ, ಬಿಗಿಯಾಗುತ್ತ ಹೋಗುತ್ತವೆ. ಆದುದರಿಂದ "ಇನ್ನು ನೂರಡಿ ಹೋಗೋಣ" ಎಂಬುದು ಆಸೆಯೇ ಹೊರತು ಯೋಜನೆಯಲ್ಲ.

ಜಾಗದ ಪರಿಶೀಲನೆ

1. ಭಾರತೀಯ ಸರ್ವೇಕ್ಷಣಾ ಇಲಾಖೆಯ ಭೂಪಟಗಳು ಮತ್ತು ಇಸ್ರೋದ 'ಭುವನ್' ಉಪಗ್ರಹ ಚಿತ್ರಗಳು ಎಲ್ಲರಿಗೂ ದೊರೆಯುತ್ತವೆ. ಹಳ್ಳವೊಂದು ಗೆರೆ ಎಳೆದಂತೆ ನೇರವಾಗಿ ಹರಿದರೆ, ಬಯಲಿನಲ್ಲಿ ಮರಗಳು ಸಾಲುಹಿಡಿದು ಬೆಳೆದಿದ್ದರೆ, ಅಡಿಯಲ್ಲಿ ಬಿರುಕಿನ ಪಟ್ಟಿಯಿರುವ ಸಾಧ್ಯತೆಯುಂಟು. ಅಂತಹ ಎರಡು ಗೆರೆಗಳು ತಗ್ಗಿನಲ್ಲಿ ಕೂಡುವ ಸ್ಥಳ, ದಿಬ್ಬದ ಬರಿ ಬಂಡೆಗಿಂತ ಮೇಲು.

2. ಅಡ್ಡಹಾಯ್ದಿರುವ ಕಪ್ಪು ಕಲ್ಲಿನ ಗೋಡೆಗಳನ್ನು, ಅಂದರೆ ಡಾಲರೈಟ್ ಡೈಕ್‌ಗಳನ್ನು, ಗುರುತಿಸಿಕೊಳ್ಳಿ. ಇವು ಕೆಲವೆಡೆ ನೆಲದೊಳಗಿನ ಹರಿವನ್ನು ತಡೆದು ಏರುಭಾಗದ ಕಡೆ ನೀರು ನಿಲ್ಲಿಸುತ್ತವೆ. ಗೋಡೆಯ ಯಾವ ಬದಿಯಲ್ಲಿ ನಿಮ್ಮ ಜಾಗವಿದೆ ಎಂಬುದು ಮುಖ್ಯ.

3. ನೆರೆಯ ಬಾವಿಗಳ ಮಾಲೀಕರನ್ನು ಕಂಡು ಮಾತನಾಡಿ. ಎಷ್ಟು ಅಡಿ ಕೇಸಿಂಗ್ ಪೈಪ್ ಇಳಿಯಿತು, ಯಾವ ಆಳದಲ್ಲಿ ನೀರು ಬಿತ್ತು, ಯಾವ ತಿಂಗಳಲ್ಲಿ ಕುಗ್ಗುತ್ತದೆ ಎಂದು ಬರೆದುಕೊಳ್ಳಿ. ಕೇಸಿಂಗ್‌ನ ಉದ್ದವೇ ಶಿಥಿಲ ಪದರದ ದಪ್ಪವನ್ನು ಬಹುಮಟ್ಟಿಗೆ ತಿಳಿಸುತ್ತದೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ಬಾವಿಗಳಿಗೆ ನಾಲೆಯ ನೀರೇ ಜಮೆಯಾಗುವುದರಿಂದ, ನಾಲೆ ನಿಂತ ಕಾಲದ ಸ್ಥಿತಿಯನ್ನು ಕೇಳುವುದು ಅವಶ್ಯ.

4. ಬಳಿಕ ಭೂವಿಜ್ಞಾನಿಯಿಂದ ವಿದ್ಯುತ್ ನಿರೋಧ ಪರೀಕ್ಷೆ ಮಾಡಿಸಿ. ನೆಲಕ್ಕೆ ವಿದ್ಯುತ್ ಹರಿಸಿದಾಗ ಒದ್ದೆಯಾದ ಶಿಥಿಲ ಶಿಲೆ ಕಡಿಮೆ ನಿರೋಧ ತೋರುತ್ತದೆ, ಗಟ್ಟಿ ಬಂಡೆ ಬಹಳ ಹೆಚ್ಚು ತೋರುತ್ತದೆ. ಆದರೆ ಜೇಡಿಮಣ್ಣೂ ಕಡಿಮೆ ನಿರೋಧವನ್ನೇ ತೋರೀತು. ಆಳದ ತೆಳು ಬಿರುಕು ಕಾಣದೆಯೂ ಹೋದೀತು. ಪರೀಕ್ಷೆ ಸಾಧ್ಯತೆಯನ್ನು ಹೆಚ್ಚಿಸುತ್ತದೆ, ಖಾತರಿ ಕೊಡುವುದಿಲ್ಲ.

ತೆಂಗಿನಕಾಯಿ, ಬೇವಿನ ಕವಲುಕಡ್ಡಿಗಳಿಂದ ನೀರು ನೋಡುವ ರೂಢಿ ನಮ್ಮಲ್ಲಿ ಬಲವಾಗಿದೆ. ನಿಯಂತ್ರಿತ ಪರೀಕ್ಷೆಗಳಲ್ಲಿ ಈ ವಿಧಾನ ಆಕಸ್ಮಿಕಕ್ಕಿಂತ ಮೇಲೆಂದು ವಿಶ್ವಾಸಾರ್ಹವಾಗಿ ಸಾಬೀತಾಗಿಲ್ಲ. ನಂಬಿಕೆ ಅವರವರದು, ಬಂಡವಾಳಕ್ಕೆ ಮಾತ್ರ ಲಿಖಿತ ವರದಿಯೇ ಆಧಾರವಾಗಿರಲಿ.

ಸಂಭವದ ಲೆಕ್ಕ

ಲೆಕ್ಕದ ಅನುಕೂಲಕ್ಕಾಗಿ ಒಂದು ಬಾವಿಗೆ 1,50,000 ರೂಪಾಯಿ ವೆಚ್ಚವೆಂದೂ, ಮೂರರಲ್ಲಿ ಒಂದು ಫಲಿಸುವುದೆಂದೂ ಭಾವಿಸೋಣ. ಆಗ ಫಲಿಸಿದ ಒಂದು ಬಾವಿಯ ಸರಾಸರಿ ವೆಚ್ಚ 4,50,000 ರೂಪಾಯಿ. ಪ್ರತಿ ಬಾವಿಗೂ 15,000 ರೂಪಾಯಿ ಕೊಟ್ಟು ಪರೀಕ್ಷೆ ಮಾಡಿಸಿದ್ದರಿಂದ ಎರಡರಲ್ಲಿ ಒಂದು ಫಲಿಸುವಂತಾದರೆ, ಆ ವೆಚ್ಚ 3,30,000 ರೂಪಾಯಿಗೆ ಇಳಿಯುತ್ತದೆ. ಅಷ್ಟು ಸುಧಾರಣೆಯೂ ಬೇಕಿಲ್ಲ. ಫಲಿಸುವ ಪ್ರಮಾಣ ನೂರಕ್ಕೆ 33ರಿಂದ 37ಕ್ಕೆ ಏರಿದರೂ ಪರೀಕ್ಷೆಯ ಶುಲ್ಕ ಹುಟ್ಟುತ್ತದೆ. ಇದರ ಜೊತೆಗೆ, ಎಷ್ಟು ಅಡಿಗೆ ನಿಲ್ಲಿಸಬೇಕೆಂಬುದನ್ನು ರಿಗ್ ಲಾರಿ ಬರುವ ಮೊದಲೇ ಬರೆದಿಟ್ಟುಕೊಳ್ಳಿ. ಲಾರಿಯ ಪಕ್ಕದಲ್ಲಿ ನಿಂತಾಗ ಯಾರ ವಿವೇಚನೆಯೂ ಸ್ಥಿರವಾಗಿರುವುದಿಲ್ಲ.

ನೀರು ಬಿದ್ದ ದಿನ

"ಎರಡಿಂಚು ನೀರು" ಎಂದ ಮಾತ್ರಕ್ಕೆ ಅದು ಒಂದಿಂಚಿನ ಇಮ್ಮಡಿಯಲ್ಲ. 90 ಡಿಗ್ರಿ ಕೋನದ ವಿ ಆಕಾರದ ಕಂಡಿಯ ತಗಡಿನಲ್ಲಿ ಒಂದಿಂಚು ಎತ್ತರದ ಹರಿವೆಂದರೆ ಗಂಟೆಗೆ ಸುಮಾರು 500 ಲೀಟರ್. ಎರಡಿಂಚು ಎಂದರೆ ಸುಮಾರು 2,900 ಲೀಟರ್. ಅನುಮಾನವಿದ್ದರೆ 200 ಲೀಟರ್ ಡ್ರಮ್ಮು ಮತ್ತು ಕೈಗಡಿಯಾರ ಸಾಕು: ನಾಲ್ಕು ನಿಮಿಷದಲ್ಲಿ ತುಂಬಿದರೆ ಗಂಟೆಗೆ 3,000 ಲೀಟರ್. ಕೊರೆದ ದಿನದ ಅಳತೆಯನ್ನೇ ನೆಚ್ಚಿ ಯಂತ್ರಕ್ಕೆ ಮುಂಗಡ ಕೊಡಬಾರದು. ಪಂಪು ಇಳಿಸಿ, ಸತತವಾಗಿ ನೀರೆತ್ತಿ, ಮಟ್ಟ ಎಲ್ಲಿ ನಿಲ್ಲುತ್ತದೆಂದು ನೋಡಬೇಕು. ಬೇಸಿಗೆಯಲ್ಲಿ ಮತ್ತೊಮ್ಮೆ ನೋಡಬೇಕು.

ಕಾನೂನು ಮತ್ತು ಖಾತೆ

ಕರ್ನಾಟಕ ಅಂತರ್ಜಲ ಅಧಿನಿಯಮ, 2011ರ ಮೇರೆಗೆ ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ತೋಡಲು ಪೂರ್ವಾನುಮತಿ ಬೇಕು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವುದನ್ನು 1999ರ ಅಧಿನಿಯಮ ನಿರ್ಬಂಧಿಸಿತು. ವಿಫಲ ಬಾವಿಗಳನ್ನು ನೆಲಮಟ್ಟದವರೆಗೆ ತುಂಬಿ ಮುಚ್ಚಬೇಕೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಆದೇಶಿಸಿತು. ಮಕ್ಕಳ ಪ್ರಾಣದ ಪ್ರಶ್ನೆಯಾದ ಇದನ್ನು ಮುಂದೂಡಬಾರದು. 1962ರ ಆದಾಯ ತೆರಿಗೆ ನಿಯಮಗಳ ಸವಕಳಿ ಪಟ್ಟಿಯಲ್ಲಿ ಕೊಳವೆ ಬಾವಿ 'ಕಟ್ಟಡ'ದ ವರ್ಗಕ್ಕೆ ಸೇರಿತ್ತು. ಕೊರೆತ, ಕೇಸಿಂಗ್, ಪಂಪು, ಪರೀಕ್ಷಾ ಶುಲ್ಕಗಳ ಬಿಲ್ಲುಗಳನ್ನು ಪ್ರತಿ ಬಾವಿಗೂ ಪ್ರತ್ಯೇಕವಾಗಿ ಇರಿಸಿದರೆ ಮುಂದಿನ ತೊಡಕು ತಪ್ಪುತ್ತದೆ.

ನಮ್ಮ ಉದ್ಯಮಿ ನಾಲ್ಕನೆಯ ಬಾವಿಗೆ ಮುನ್ನ ಪರೀಕ್ಷೆ ಮಾಡಿಸಿದರು. ಶಿಥಿಲ ಪದರ ತೀರ ತೆಳುವಾಗಿದೆ, ಈ ಜಾಗದಲ್ಲಿ ಕೊರೆಯುವುದು ಬೇಡ ಎಂದು ಭೂವಿಜ್ಞಾನಿ ಬರೆದುಕೊಟ್ಟರು. ಒಂದೇ ಪುಟದ ವರದಿ. ಅದು ಅವರ ಕೈಯಲ್ಲಿರಬೇಕಾಗಿದ್ದುದು ನಾಲ್ಕನೆಯ ಬಾವಿಗೆ ಮೊದಲಲ್ಲ, ಜಾಗದ ಕ್ರಯಪತ್ರಕ್ಕೆ ಮೊದಲು. ನೀರು ಬೇಕಾದ ಯಾವುದೇ ಉದ್ಯಮಕ್ಕೆ ಜಾಗ ನೋಡುತ್ತಿರುವ ಸದಸ್ಯರು ಪಹಣಿ, ಋಣಭಾರ ಪತ್ರಗಳ ಜೊತೆಗೆ ಈ ಒಂದು ಪುಟವನ್ನೂ ಕೇಳಿ ಪಡೆಯಬೇಕೆಂದು ನನ್ನ ವಿನಂತಿ.